ನಾನು ತಲೆಯಾಡಿಸಿದ ರಾಕ್ ಹಾಡುಗಳು

ತಲೆಯಾಡಿಸುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಮೈಸೂರಿನಲ್ಲಿ ನಮ್ಮ ಮನೆಗೆ ಬಂದವರು ಏನೇ ಹೇಳಲಿ, ನಮ್ಮಪ್ಪ ಕಣ್ಣು ಅರೆಮುಚ್ಚಿ ತಲೆಯಾಡಿಸುತ್ತಿದ್ದರು. ಹೇಳಿದವರು ತೃಪ್ತರಾಗಿ ಕಾಫಿ ಕುಡಿದು ಹೋಗುತ್ತಿದ್ದರು. ಅಪ್ಪ ಕೇಳಿಸಿಕೊಂಡಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಅವರಿಂದ ನನಗೆ ಬಂದ ಆಸ್ತಿ ಇದೊಂದೇ. ಹೆಣ್ಣು ನೋಡುವ ಶಾಸ್ತ್ರ, ವೀಸಾ ಇಂಟರ್‌ವ್ಯೂ, ಆಫೀಸಿನ ಮೀಟಿಂಗು ಎಲ್ಲವನ್ನೂ ಇದರ ಬಲದಿಂದಲೇ ದಾಟಿದ್ದೇನೆ. ಇದರಿಂದ ಯಾರಿಗಾದರೂ ಮೋಸವಾಗಬಹುದು ಎಂದು ಮಾತ್ರ ಗ್ಯಾರಿ ಸಾಯುವವರೆಗೆ ನನಗೆ ಹೊಳೆದಿರಲಿಲ್ಲ.

ಗ್ಯಾರಿ ಟೆಕ್ಸಾಸಿನ ಮೆಕಿನ್ನಿ ಊರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯವನು. ಅರವತ್ತು ದಾಟಿದ್ದ ಅಮೆರಿಕನ್, ನನ್ನದೇ ಆಫೀಸು. ಡಾಲಸ್ ಕಡೆಗೆ ಹೋಗುವ ಹೈವೇಯಲ್ಲಿ ಬೆಳಗಿನ ಹೊತ್ತು ಕಾರುಗಳು ತೆವಳುತ್ತವೆ. ಆದರೆ ಎಡಗಡೆ ಒಂದು ಲೇನ್ ಇದೆ, ಕಾರಿನಲ್ಲಿ ಇಬ್ಬರಿದ್ದರೆ ಮಾತ್ರ ಅದರಲ್ಲಿ ಹೋಗಬಹುದು. ಆ ಲೇನಿನ ಆಸೆಗೆ ನಾವು ಜೊತೆಯಾದೆವು. ಬೇರೆ ಯಾವ ಘನ ಉದ್ದೇಶವೂ ಇರಲಿಲ್ಲ. ಬೆಳಗಿನ ಬಿಸಿಲು ಕಣ್ಣಿಗೆ ಕುಕ್ಕುತ್ತದೆ ಎಂದು ಅವನು ಡ್ರೈವಿಂಗನ್ನು ನನಗೆ ಬಿಟ್ಟ, ಸ್ಟೀರಿಯೋವನ್ನು ತಾನಿಟ್ಟುಕೊಂಡ. ಹೀಗೆ ಆರು ವರ್ಷ, ವಾರಕ್ಕೆ ಐದು ದಿನ, ಅಮೆರಿಕದ ರಾಕ್ ಸಂಗೀತದ ಸಮಗ್ರ ಇತಿಹಾಸ ನನ್ನ ಬಲಗಿವಿಯ ಮೂಲಕ ಹಾದುಹೋಯಿತು.

ಹಾದುಹೋಯಿತು ಎಂಬುದೇ ಸರಿ, ಯಾಕೆಂದರೆ ಒಳಗೆ ಏನೂ ನಿಲ್ಲಲಿಲ್ಲ. ಈ ಹಾಡು ಬರದಿದ್ದರೆ ಮುಂದಿನ ಹಾಡುಗಳು ಹುಟ್ಟುತ್ತಲೇ ಇರಲಿಲ್ಲ ಎನ್ನುತ್ತಿದ್ದ ಗ್ಯಾರಿ. ಇದು ಆರು ನಿಮಿಷದ ಹಾಡು, ಇಷ್ಟುದ್ದದ್ದನ್ನು ಯಾರು ಹಾಕುತ್ತಾರೆ ಅಂತ ರೇಡಿಯೋದವರು ಮೂಗು ಮುರಿದಿದ್ದರು ಎನ್ನುತ್ತಿದ್ದ. ಇದು ಚರ್ಚಿನಲ್ಲಿ ಹಾಡುತ್ತಿದ್ದ ಹೆಂಗಸು ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡು ಹಾಡಿದ್ದು ಎನ್ನುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ತಾನು ಹುಡುಗನಾಗಿದ್ದಾಗ ಆಸ್ಟಿನ್ನಿನ ಕ್ಲಬ್ಬುಗಳಲ್ಲಿ ಸ್ಪೀಕರಿಗೆ ಒರಗಿಕೊಂಡೇ ನಿಲ್ಲುತ್ತಿದ್ದುದನ್ನು, ಹ್ಯೂಸ್ಟನ್ನಿನ ಒಂದು ಕಾರ್ಯಕ್ರಮದ ಮೇಲೆ ಮೂರು ದಿನ ಕಿವಿ ಗುಂಯ್ ಎನ್ನುತ್ತಿದ್ದುದನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಅದಕ್ಕೂ ತಲೆಯಾಡಿಸಿದೆ. ವರ್ಷದಿಂದ ವರ್ಷಕ್ಕೆ ವಾಲ್ಯೂಮ್ ಏರುತ್ತ ಹೋಯಿತು. ಇತಿಹಾಸದ ಮಹತ್ವ ಹೆಚ್ಚಿದ ಹಾಗೆ ಸದ್ದೂ ಹೆಚ್ಚಬೇಕೇನೋ ಎಂದುಕೊಂಡೆ.

ಚಿಕ್ಕಂದಿನಲ್ಲಿ ನಾನು ಎರಡು ವರ್ಷ ಸಂಗೀತ ಕಲಿಯಲು ಹೋಗಿ, ಸರಳೆ ವರಸೆಯ ಆಚೆಗೆ ದಾಟದೆ ವಾಪಸಾದವನು. ಆ ವಿದ್ಯೆಯಲ್ಲಿ ಉಳಿದದ್ದು ಬೆರಳಿನ ಆದಿತಾಳ ಮಾತ್ರ. ಬೇಜಾರಾದರೆ ಬೆರಳು ತಾನಾಗಿಯೇ ಶುರುಮಾಡುತ್ತದೆ. ಗ್ಯಾರಿಯ ಗಿಟಾರುಗಳು ಅವುಗಳ ಪಾಡಿಗೆ ಕಿರುಚುತ್ತಿದ್ದರೆ ನನ್ನ ಬೆರಳು ಸ್ಟೀರಿಂಗ್ ಮೇಲೆ ಅದರ ಪಾಡಿಗೆ ಆದಿತಾಳ ಹಾಕುತ್ತಿತ್ತು. ಮನಸ್ಸು ಬೆಳಗಿನ ಮೀಟಿಂಗಿನಲ್ಲಿರುತ್ತಿತ್ತು.

ಆಗಸ್ಟಿನಲ್ಲಿ ಆಸ್ಪತ್ರೆ ಸೇರಿದ ಗ್ಯಾರಿ ಮೂರು ವಾರದಲ್ಲಿ ಹೋಗಿಬಿಟ್ಟ. ನೋಡಲು ಹೋಗಿದ್ದಾಗ ಅವನು ಮೆಲ್ಲಗೆ ಏನೋ ಹೇಳಿದ. ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳು ಅನ್ನಲು ಬಾಯಿ ಬರಲಿಲ್ಲ, ತಲೆಯಾಡಿಸಿ ಬಂದೆ.

ಗ್ಯಾರಿ ತೀರಿಕೊಂಡ ಎರಡು ದಿನದ ಮೇಲೆ ಅವನ ಹೆಂಡತಿ ಡಯಾನ್ ಫೋನ್ ಮಾಡಿದಳು. ಶನಿವಾರ ಚರ್ಚಿನಲ್ಲಿ ಅವನ ನೆನಪಿನ ಸಭೆ. ಮೂರು ಹಾಡು ಆರಿಸಿ ಎರಡು ಮಾತು ನೀನೇ ಹೇಳಬೇಕು ಎಂದಳು. "ಮಕ್ಕಳಿಗೂ ನನಗೂ ಅವನ ಹಾಡಿನ ಗಂಧಗಾಳಿ ಇಲ್ಲ. ಅರ್ಥ ಆಗೋದು ನಿನಗೊಬ್ಬನಿಗೇ ಅಂತ ಅವನೇ ಹೇಳ್ತಿದ್ದ" ಎಂದಳು. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲ. ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಆಗಲಿ ಎನ್ನಬೇಕಾಯಿತು.

ನನ್ನ ಹೆಂಡತಿ ಸುಮಾ ಧಾರವಾಡದವಳು. ವಿಷಯ ಕೇಳಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. "ಆರು ವರ್ಷ ತಲಿ ಅಲ್ಲಾಡಿಸಿದ್ರಿ, ಈಗ ಬಾಯಿ ಅಲ್ಲಾಡಸ್ರಿ. ನನ್ನ ಮಾತಿಗೂ ನೀವು ಹಿಂಗ ಮಾಡ್ತೀರಿ ಅಂತ ಆ ಮನಷ್ಯಾಗ ಗೊತ್ತಿರಲಿಲ್ಲ, ಪಾಪ" ಎಂದಳು. ಸಮಾಧಾನದ ಮಾತೇನಾದರೂ ಬರಬಹುದೆಂದು ಕಾದೆ. ಅವಳು ಮುಂದಿನ ಚಪಾತಿ ಎತ್ತಿಕೊಂಡಳು.

ಡಯಾನ್ ಒಂದು ಡಬ್ಬ ಸೀಡಿ ಕೊಟ್ಟಿದ್ದಳು. ಒಬ್ಬನೇ ಇದ್ದುದರಿಂದ ಈಗ ಆ ಎಡಗಡೆಯ ಲೇನ್ ನನಗಿಲ್ಲ. ಉಳಿದವರೊಂದಿಗೆ ತೆವಳುತ್ತ, ಪರೀಕ್ಷೆಯ ಹಿಂದಿನ ದಿನ ಓದಲು ಕೂತ ಹುಡುಗನಂತೆ ಆ ವಾರವೆಲ್ಲ ಕೇಳಿದೆ. ಯಾವುದು ಯಾವುದಕ್ಕಿಂತ ಮೊದಲು, ಯಾವುದರಿಂದ ಯಾವುದು ಹುಟ್ಟಿತು, ಒಂದೂ ನೆನಪಿಗೆ ಬರಲಿಲ್ಲ. ಹೇಳಿದವನು ಪಕ್ಕದಲ್ಲೇ ಕೂತು ಸಾವಿರ ಸಲ ಹೇಳಿದ್ದ. ನನಗೆ ನಾಚಿಕೆಯಾಯಿತು. ನೆನಪಿದ್ದದ್ದು ಒಂದೇ ಕಥೆ. ರೆಕಾರ್ಡಿಂಗಿಗೆ ಹೋಗುತ್ತಿದ್ದ ಬ್ಯಾಂಡಿನವರ ಆಂಪ್ಲಿಫೈಯರ್ ದಾರಿಯಲ್ಲಿ ಹಾಳಾಗಿ, ಸ್ಪೀಕರ್ ಹರಿದುಹೋಗಿತ್ತಂತೆ. ಒಳಗೆ ಕಾಗದ ತುರುಕಿ ಹಾಗೇ ಬಾರಿಸಿದರಂತೆ. ಆ ಗೊರಗೊರ ಸದ್ದು ಜನಕ್ಕೆ ಎಷ್ಟು ಹಿಡಿಸಿತೆಂದರೆ, ಆಮೇಲೆ ಬಂದವರು ಒಳ್ಳೆಯ ಯಂತ್ರದಲ್ಲಿ ಹಾಳಾದ ಸದ್ದು ಬರಿಸಲು ಒದ್ದಾಡಿದರಂತೆ.

ಶನಿವಾರ ಆ ಕಥೆಯನ್ನೇ ಹೇಳಿದೆ. ನನಗೆ ಈ ಹಾಡುಗಳ ಬಗ್ಗೆ ಏನೂ ತಿಳಿಯದು ಎಂದು ಕೊನೆಗೆ ಒಪ್ಪಿಕೊಂಡುಬಿಡಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಡಯಾನ್ ಕಣ್ಣೊರೆಸಿಕೊಂಡಳು, ಚೀಟಿ ಜೇಬಿಗೆ ಹೋಯಿತು. ಮೂರು ಹಾಡು ಹಾಕಿದರು. ನನ್ನ ಬೆರಳು ಕುರ್ಚಿಯ ಕೈಮೇಲೆ ಶುರುಮಾಡಿಯೇಬಿಟ್ಟಿತು.

ಸಭೆಯ ನಂತರ ಪಕ್ಕದ ಕೋಣೆಯಲ್ಲಿ ಲೆಮನೇಡ್ ಕೊಡುತ್ತಿದ್ದರು. ಸತ್ಯ ಹೇಳಿಬಿಡೋಣವೆಂದು ಡಯಾನ್ ಹತ್ತಿರ ಹೋದೆ. ಅವಳೇ ನನ್ನ ಕೈ ಹಿಡಿದುಕೊಂಡಳು.

"ಅವನಿಗೆ ಕಿವಿ ಹೋಗ್ತಾ ಇತ್ತು, ನಿನಗೆ ಗೊತ್ತಾ?" ಎಂದಳು. "ನಾಲ್ಕು ವರ್ಷದಿಂದ. ಯಾರಿಗೂ ಹೇಳಬೇಡ ಅಂದಿದ್ದ. ಜನರ ಮಾತು ಕೇಳಿಸ್ತಿರಲಿಲ್ಲ. ನೀನು ತಲೆಯಾಡಿಸ್ತಿದ್ದೆ ನೋಡು, ಅದು ಕಾಣ್ತಿತ್ತು. ಕೊನೆಗೆ ಹಾಡೂ ಸರಿಯಾಗಿ ಕೇಳಿಸ್ತಿರಲಿಲ್ಲ, ಬರೀ ಗದ್ದಲ. ನಿನ್ನ ಬೆರಳು ನೋಡಿಕೊಂಡು ಹಾಡು ಎಲ್ಲಿದೆ ಅಂತ ಹಿಡೀತಿದ್ದನಂತೆ. ನಿನ್ನ ತಾಳ ಒಂದು ದಿನಾನೂ ತಪ್ಪಲ್ಲ ಅಂತಿದ್ದ."

ಅವನ ಪ್ರಾಣದಂಥ ಹಾಡುಗಳನ್ನು ಅವನು ಕೊನೆಕೊನೆಗೆ ನನ್ನ ಆದಿತಾಳದ ಲೆಕ್ಕದಲ್ಲಿ ಕೇಳಿದ್ದಾನೆ. ಮೀಟಿಂಗಿನ ಚಿಂತೆಯಲ್ಲಿ ನಾನು ಬೆರಳು ನಿಲ್ಲಿಸಿದ ಕಡೆಯಲ್ಲೆಲ್ಲ ಪಾಪ, ಹಾಡು ಮುಗಿಯಿತೆಂದು ತಿಳಿದಿರಬೇಕು. ಸತ್ಯ ಹೇಳಲು ಬಾಯಿ ತೆರೆದೆ. ಡಯಾನ್ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೇನು ಮಾಡಿದೆ ಅಂತೀರಿ? ತಲೆಯಾಡಿಸಿದೆ.

ಆ ಸೀಡಿಗಳು ಈಗಲೂ ನನ್ನ ಕಾರಿನಲ್ಲೇ ಇವೆ. ದಿನಾ ಹಾಕುತ್ತೇನೆ. ಹಾಡಿನ ತಾಳಕ್ಕೆ ಸರಿಯಾಗಿ ಬೆರಳಾಡಿಸಲು ಒದ್ದಾಡುತ್ತೇನೆ, ಎರಡು ಸಾಲಿನೊಳಗೆ ತಪ್ಪುತ್ತದೆ. ಮೊನ್ನೆ ಆ ಆರು ನಿಮಿಷದ ಹಾಡು ಬಂತು. ನಡುವೆ ಒಂದು ಕಡೆ ಗಿಟಾರು ಸುಮ್ಮನಾಗಿ ಮತ್ತೆ ಏಳುತ್ತದೆ. ಅಲ್ಲಿ ನನಗೆ, ಸುಳ್ಳಲ್ಲ, ನಿಜವಾಗಿಯೂ ಮೈ ಜುಮ್ಮೆಂದಿತು. ಪಕ್ಕಕ್ಕೆ ತಿರುಗಿ ಜೋರಾಗಿ ತಲೆಯಾಡಿಸಿದೆ. ಸೀಟಿನಲ್ಲಿ ಸುಮಾ ಕಟ್ಟಿಕೊಟ್ಟ ಊಟದ ಬ್ಯಾಗಿತ್ತು. ಅದರ ಭಾರಕ್ಕೆ ಯಾರೋ ಕೂತಿದ್ದಾರೆಂದುಕೊಂಡು, ಬೆಲ್ಟ್ ಹಾಕಿಕೊಳ್ಳಿ ಎಂದು ಕಾರು ಟಿಣ್ ಟಿಣ್ ಎನ್ನುತ್ತಿತ್ತು. ನಾನು ಬ್ಯಾಗಿಗೆ ಬೆಲ್ಟ್ ಹಾಕಿ, ವಾಲ್ಯೂಮ್ ಏರಿಸಿ, ಒಬ್ಬೊಬ್ಬರೇ ಹೋಗುವವರ ಲೇನಿನಲ್ಲಿ ಮುಂದೆ ತೆವಳಿದೆ.