ಒಂಬತ್ತು ಡಬ್ಬಿಗಳ ಅಡುಗೆಮನೆ

ಗುರುವಾರ ಸಂಜೆ ಧಾರವಾಡದಿಂದ ಒಂದು ಕಾರ್ಡು ಬಂತು. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಯಾರ ಮನೆಗೆ ಕಾರ್ಡು ಬಂದರೂ ಮೊದಲು ಓದುವವರು ಕಾಸಿಮಸಾಬರು. ಅವರು ರೈಲ್ವೆ ವರ್ಕಶಾಪಿನಲ್ಲಿ ಮಿಸ್ತ್ರಿಯಾಗಿದ್ದು, ಪೆನ್ಶನ್ನಿಗೆ ಬಂದ ಮೇಲೆ ಓಣಿಯವರಿಗೆ ಬುದ್ಧಿ ಹೇಳುವುದನ್ನೇ ನೌಕರಿ ಮಾಡಿಕೊಂಡವರು. ಕನ್ನಡಕ ಏರಿಸಿ, ಅತ್ತ ಇತ್ತ ನಾಲ್ಕು ಮನೆಗೆ ಕೇಳಿಸುವಂತೆ ಓದಿದರು. ನಾಳೆ ಶುಕ್ರವಾರ ಮಧ್ಯಾಹ್ನದ ಗಾಡಿಗೆ ಶಮೀಮ ಬರುತ್ತಾಳೆ, ತಂಗಿಯ ಮನೆಯಲ್ಲಿ ಊಟ ಮಾಡಿ ಸಂಜೆಯ ಗಾಡಿಗೆ ಗದಗಿನ ಅಣ್ಣನ ಮನೆಗೆ ಹೋಗುತ್ತಾಳೆ ಎಂಬುದು ಸುದ್ದಿ.

ತಗಡಿನ ಕೆಲಸದ ಹುಸೇನಬಾಷಾನಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಕಾಣಲಿಲ್ಲ. ಆದರೆ ಅವನ ಹೆಂಡತಿ, ಶಮೀಮಳ ತಂಗಿ ಮೈಮುನಾ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತಳು. ಅದಕ್ಕೆ ಕಾರಣವಿತ್ತು. ಹೋದ ವರ್ಷ ಬಂದಿದ್ದ ಶಮೀಮ ರೊಟ್ಟಿಗೆ ಹಿಟ್ಟು ತೆಗೆಯಲೆಂದು ಗಡಿಗೆಯೊಳಗೆ ಕೈ ಹಾಕಿದಾಗ ಹಿಟ್ಟಿಗಿಂತ ಮೊದಲು ಇಲಿ ಹೊರಗೆ ಬಂದಿತ್ತು. ಕೋರ್ಟಿನ ಕಾರಕೂನನ ಹೆಂಡತಿ ಶಮೀಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಊರಿಗೆಲ್ಲ ಡಬ್ಬಿ ಮಾಡಿಕೊಡುವವನ ಹೆಂಡತಿ ಗಡಿಗೆಯಲ್ಲಿ ಹಿಟ್ಟು ಇಡುತ್ತಾಳೆ ಎಂಬ ಆ ಮಾತು ಆಮೇಲೆ ಮೂರು ಮದುವೆಗಳಲ್ಲಿ ಬಿರಿಯಾನಿಯ ಜೊತೆಗೆ ಬಡಿಸಲ್ಪಟ್ಟಿತ್ತು. ಮಾತು ಖರೆಯಾಗಿದ್ದರಿಂದಲೇ ಮೈಮುನಾಳನ್ನು ಅದು ಹೆಚ್ಚು ನೋಯಿಸಿತ್ತು.

“ನಾಳೆ ಆಪಾ ಮತ್ತ ನಕ್ಕಳಂದ್ರ, ನಾನೂ ಅದ ಗಾಡಿಗೆ ಗದಗಕ್ಕ ಹೋಗ್ತೇನ್ರಿ” ಎಂದಳು ಅವಳು ಮೆಲ್ಲಗೆ. “ತಿರುಗಿ ಬರೂದು ನನ್ನ ಮನಸ್ಸಿಗೆ ಬಿಟ್ಟದ್ದು.”

ಕೂಗಿ ಹೇಳಿದ್ದರೆ ಹುಸೇನಬಾಷಾ ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದಕ್ಕೆ ಹೆದರಿದ. ಹದಿನಾಲ್ಕು ವರ್ಷ ಆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ರೊಟ್ಟಿ ಬಡಿದವಳು ಒಂದು ದಿನವೂ ತನಗೊಂದು ಡಬ್ಬಿ ಬೇಕು ಅಂದಿರಲಿಲ್ಲ. ಅದು ನೆನಪಾಗಿ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ನಾಳೆ ನಿನ್ನ ಅಕ್ಕ ಬಾಯಿ ತೆರೆಯಬೇಕು, ಆದರೆ ನಗೆ ಬರಬಾರದು, ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟ.

ಶುಕ್ರವಾರ ಅಂಗಡಿಗೆ ರಜೆ. ಬೆಳಗಿನ ನಮಾಜು ಮುಗಿಸಿ ಬಂದವನೇ ಗಡಿಗೆಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದ. ಅಡುಗೆಮನೆ ಇದ್ದದ್ದೇ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಕಟ್ಟಿಗೆ, ಉಳಿದ ಜಾಗದಲ್ಲಿ ಗಡಿಗೆಗಳು, ಗಡಿಗೆಗಳ ಸಂದಿಯಲ್ಲಿ ಮೈಮುನಾ. ಕಟ್ಟಿಗೆಯನ್ನು ಹೊರಗಿನ ಕಟ್ಟೆಯ ಕೆಳಗೆ ಸೇರಿಸಿ, ಗೋಡೆಯ ಮಸಿ ಕೆರೆದ. ಕಾಸಿಮಸಾಬರು ತಮ್ಮ ಮನೆಗೆ ಬಳಿದು ಉಳಿದಿದ್ದ ಸುಣ್ಣವನ್ನು ಪುಕ್ಕಟೆ ಕೊಟ್ಟರು. ಸುಣ್ಣದ ಹಿಂದೆ ತಾವೂ ಬಂದರು.

ಕಿರಾಣಿ ಅಂಗಡಿಯ ಹೊಳೆಯಪ್ಪ ಸಾಬೂನಿನ ಪೆಟ್ಟಿಗೆಯ ಹಲಗೆಗಳನ್ನು ಕೊಟ್ಟಿದ್ದ. ಅವನ್ನು ಗೋಡೆಗೆ ಎಷ್ಟು ಎತ್ತರಕ್ಕೆ ಹೊಡೆಯಬೇಕೆಂಬುದರಲ್ಲಿ ಕಾಸಿಮಸಾಬರ ರೈಲ್ವೆ ವಿದ್ಯೆ ಜಾಗೃತವಾಯಿತು. ಹಲಗೆ ನಾಲ್ಕು ಸಲ ಏರಿತು, ನಾಲ್ಕು ಸಲ ಇಳಿಯಿತು, ಕೊನೆಗೆ ಮೈಮುನಾ ಮೊದಲು ತೋರಿಸಿದ್ದ ಜಾಗಕ್ಕೇ ಬಂದು ನಿಂತಿತು. ಸುಣ್ಣ ಬಳಿದ ಗೋಡೆಯಲ್ಲಿ ಉಳಿದ ತೂತುಗಳಿಗೆ ಹುಸೇನಬಾಷಾ ಮತ್ತೆ ಸುಣ್ಣ ಮೆತ್ತಿದ.

ಇನ್ನು ಡಬ್ಬಿ. ಮನೆಯಲ್ಲಿದ್ದ ಹದಿನಾಲ್ಕಾಣೆ ಮಾಂಸಕ್ಕೆ, ಅಕ್ಕಿಗೆ ಹೋದರೆ ಹೊಸ ತಗಡಿಗೆ ದುಡ್ಡಿಲ್ಲ. ಆದರೆ ಅಂಗಡಿಯ ಹಿಂದಿನ ಮೂಲೆಯಲ್ಲಿ ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳು ಒಂಬತ್ತು ಬಿದ್ದಿದ್ದವು. ಖರೆ ಹೇಳಬೇಕೆಂದರೆ ಅವು ಅವನವಲ್ಲ. ಹಿಟ್ಟಿನ ಡಬ್ಬಿ ಮಾಡಿಕೊಡು, ಮುಚ್ಚಳ ಕೂಡಿಸಿಕೊಡು ಎಂದು ಗಿರಾಕಿಗಳು ಕೊಟ್ಟು ಹೋದವು. ಹುಸೇನಬಾಷಾನ ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಸೋಮವಾರವಿತ್ತು. ಯಾರು ಯಾವಾಗ ಕೇಳಿದರೂ “ಬರೂ ಸೋಮವಾರ ಒಯ್ರಿ” ಎನ್ನುತ್ತಿದ್ದ. ಕೆಲವು ಡಬ್ಬಿಗಳು ಹೀಗೆ ಇಪ್ಪತ್ತು ಸೋಮವಾರ ಕಂಡಿದ್ದವು. ಇನ್ನೊಂದು ವಾರ ಕಾದರೆ ಯಾರ ಗಂಟೇನು ಹೋಗುತ್ತದೆ ಎಂದು ಒಂಬತ್ತನ್ನೂ ಮನೆಗೆ ಹೊತ್ತು ತಂದ.

ಕೆಲಸಕ್ಕೆ ಕೂತನೆಂದರೆ ಮಾತ್ರ ಅವನ ಸರಿಸಾಟಿ ಹುಬ್ಬಳ್ಳಿಯಲ್ಲಿ ಇರಲಿಲ್ಲ. ಕತ್ತರಿ ಆಡಿತು, ಸುತ್ತಿಗೆ ಕುಣಿಯಿತು, ಬೆಸುಗೆ ಹರಿಯಿತು. ಬೂದಿ ಹುಣಸೆಹುಳಿ ಹಾಕಿ ತಿಕ್ಕಿ, ಎಣ್ಣೆಯ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು ತಂದಾಗ ಒಂಬತ್ತೂ ಬೆಳ್ಳಗೆ ಹೊಳೆಯುತ್ತಿದ್ದವು. ಮೈಮುನಾ ಜೋಳದ ಹಿಟ್ಟು, ಅಕ್ಕಿ, ಬೇಳೆ, ಖಾರಪುಡಿಯನ್ನೆಲ್ಲ ತುಂಬಿ ಸಾಲಾಗಿ ಹಲಗೆಯ ಮೇಲೆ ಇಟ್ಟಳು. ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಆಮೇಲೆ ಗಂಡನ ಕಡೆ ನೋಡಿದಳು. ಆ ನೋಟಕ್ಕೆ ಹುಸೇನಬಾಷಾನ ಅಂಗಿಯ ಗುಂಡಿ ಬಿಗಿಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಸಾವಕ್ಕ ಬಂದಳು. ಎಮ್ಮೆ ಕಟ್ಟಿ ಹಾಲು ಮಾರುವವಳು. ರಜೆಯ ದಿನ ಸುತ್ತಿಗೆಯ ಸಪ್ಪಳ ಕೇಳಿ, ಅಂತೂ ತನ್ನ ಡಬ್ಬಿಗೆ ಸೋಮವಾರ ಬಂತೆಂದು ಖುಷಿಯಿಂದ ಬಂದಿದ್ದಳು. ಅಡುಗೆಮನೆ ನೋಡಿ ಗಲ್ಲಕ್ಕೆ ಕೈ ಹಚ್ಚಿ ಹೊಗಳಿದಳು. ಹೊಗಳುತ್ತ ಹೊಗಳುತ್ತ ಮೂರನೆಯ ಡಬ್ಬಿಯ ಹತ್ತಿರ ಅವಳ ಮಾತು ನಿಂತಿತು.

“ತಮ್ಮಾ, ಇದು ನನ್ನ ಡಬ್ಬಿ. ಎಮ್ಮಿ ಕೋಡು ಬಡದ ತಗ್ಗು ಇಲ್ಲೇ ಐತಿ ನೋಡು.”

ಹುಸೇನಬಾಷಾ ತಗ್ಗು ನೋಡಿದ. ಎಷ್ಟು ಬಡಿದರೂ ಏಳದ ಆ ತಗ್ಗು ಈಗ ಸಾಕ್ಷಿ ಹೇಳುತ್ತಿತ್ತು. ಸಾವಕ್ಕ ಜಗಳದವಳಲ್ಲ. ಇಷ್ಟು ಚಂದ ಮಾಡಿಕೊಟ್ಟಿದ್ದಕ್ಕೆ ದೇವರು ನಿನ್ನ ಕೈಗೆ ಇನ್ನಷ್ಟು ಶಕ್ತಿ ಕೊಡಲಿ ಎಂದು ಹರಸಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಅವಳು ಒಳಗಿನ ಬೇಳೆ ಸುರಿದು ಕೊಡಲು ಹೋದಾಗ ಮೈಮುನಾಳೇ ತಡೆದಳು. ತುಂಬಿದ ಮನೆಯಿಂದ ಡಬ್ಬಿ ಖಾಲಿ ಹೋಗಬಾರದಲ್ಲ, ಎರಡು ಹಿಡಿ ಬೇಳೆ ಡಬ್ಬಿಯೊಂದಿಗೇ ಹೋಯಿತು.

ಹಲಗೆಯ ಸಾಲು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಮೈಮುನಾ ಗೋಡೆಯ ಆ ಖಾಲಿ ಜಾಗವನ್ನೇ ನೋಡಿದಳು. ಹುಸೇನಬಾಷಾ ಅಂಗಡಿಗೆ ಓಡಿ, ಬಾಗಿಲ ಮೇಲಿನ ತಗಡಿನ ಬೋರ್ಡು ಕಿತ್ತು ತಂದ. ‘ಇಲ್ಲಿ ಎಲ್ಲಾ ತರದ ರಿಪೇರಿ ಮಾಡಲಾಗುವುದು’ ಎಂದು ಅದರ ಮೇಲೆ ಪೇಂಟರನೊಬ್ಬ ಬರೆದುಕೊಟ್ಟಿದ್ದ. ಕತ್ತರಿಸಿ ಮಡಚಿದಾಗ ಒಂದು ಡಬ್ಬಿಯಾಯಿತು. ಬಣ್ಣ ಹೋಗಲಿಲ್ಲ. ಅಕ್ಷರಗಳನ್ನು ಗೋಡೆಯ ಕಡೆ ತಿರುಗಿಸಿ ಅಕ್ಕಿ ತುಂಬಿಟ್ಟರು.

ಆದರೆ ಸಾವಕ್ಕ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಓಣಿಯ ನಡುವೆಯೇ ಹೋಗಿದ್ದಳು. ಹೊಳೆಯಪ್ಪ ಅದನ್ನು ನೋಡಿದ. ದೀಪಾವಳಿಗೆ ಕೊಟ್ಟ ತನ್ನ ಎರಡು ಡಬ್ಬಿಗಳೂ ಆಗಿರಬೇಕೆಂದು ಅಂಗಡಿಗೆ ಹಲಗೆ ಹಾಕಿ ಬಂದ. ತನ್ನವನ್ನು ಗುರುತು ಹಿಡಿಯುವ ಗೋಜಿಗೆ ಹೋಗದೆ, ಸಾಲಿನಲ್ಲಿ ಛಲೋ ಕಂಡ ಎರಡನ್ನು ಆರಿಸಿಕೊಂಡ. ಸಾಬೂನಿನ ಹಲಗೆಗಳನ್ನು ಮಾತ್ರ ನೀವೇ ಇಟ್ಟುಕೊಳ್ಳಿ ಎಂದು ದೊಡ್ಡ ಮನಸ್ಸು ತೋರಿಸಿ ಹೋದ.

ಈ ಸಲ ಬಚ್ಚಲಿನ ಬಾಗಿಲಿಗೆ ಬಡಿದಿದ್ದ ತಗಡು ಬಂತು. ಬಾಗಿಲ ಜಾಗಕ್ಕೆ ಒಂದು ಗೋಣಿತಟ್ಟು ತೂಗಿಬಿದ್ದಿತು. ಎರಡು ಡಬ್ಬಿ ಮುಗಿಯುವಾಗ ಜುಮ್ಮಾ ನಮಾಜಿನ ಹೊತ್ತಾಯಿತು. ಹುಸೇನಬಾಷಾ ಗಡ್ಡದಲ್ಲಿ ಸುಣ್ಣ ಇಟ್ಟುಕೊಂಡೇ ಮಸೀದಿಗೆ ಓಡಿದ. ತಿರುಗಿ ಬಂದಾಗ ಕಾಸಿಮಸಾಬರು ಅಡುಗೆಮನೆಯಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. ಎಲ್ಲರ ಡಬ್ಬಿಯೂ ಸಿಗುತ್ತಿರುವುದನ್ನು ನೋಡಿ ಅವರಿಗೂ ಒಂದು ಸಂಗತಿ ನೆನಪಾಗಿತ್ತು. ಬಕ್ರೀದಿಗೆ ಮೊದಲು ಅವರೂ ಒಂದು ಡಬ್ಬಿ ಕೊಟ್ಟಿದ್ದರು.

“ಚಾಚಾ, ನೀವು ಮುಂಜಾನಿಂದ ಇಲ್ಲೇ ಅದೀರಿ. ಇಂದೊಂದು ದಿನ ತಡೀರಿ” ಎಂದ ಹುಸೇನಬಾಷಾ.

“ನಾನು ಬೇಕಾದರ ತಡೀತೇನಿ. ಆದರ ಸಾವಕ್ಕಗ ಕೊಟ್ಟಿ, ಹೊಳೆಯಪ್ಪಗ ಕೊಟ್ಟಿ, ಸುಣ್ಣಾ ಕೊಟ್ಟಾವಗ ಕೊಡಲಿಲ್ಲಂತ ಮಂದಿ ಆಡ್ಕೋತಾರ. ಅದು ನಿನಗ ಛಲೋ ಕಾಣೂದಿಲ್ಲ.”

ತನ್ನ ಮರ್ಯಾದೆಯ ಕಾಳಜಿಯನ್ನು ಬೇರೆಯವರು ಇಷ್ಟು ಹೊತ್ತುಕೊಂಡಾಗ ಏನು ಹೇಳುವುದು? ನಾಲ್ಕನೆಯ ಡಬ್ಬಿಯೂ ಹೋಯಿತು. ಉಳಿದ ಐದರ ಒಡೆಯರು ದೂರದ ಓಣಿಗಳವರಾಗಿದ್ದದ್ದು ಒಂದು ಪುಣ್ಯ.

ಗಾಡಿ ಬರಲು ಒಂದು ತಾಸು ಉಳಿದಿತ್ತು. ಮನೆಯಲ್ಲಿ ಇನ್ನು ತಗಡು ಎಂಬುದು ಒಂದೇ ಕಡೆ ಇತ್ತು. ಅದು ಅವನ ಸಾಮಾನಿನ ಪೆಟ್ಟಿಗೆ. ಕತ್ತರಿ, ಸುತ್ತಿಗೆ ಇಟ್ಟುಕೊಳ್ಳಲು ಅವನ ತಂದೆ ಮಾಡಿಕೊಟ್ಟದ್ದು. ಮೈಮುನಾ ಬೇಡವೆಂದು ಕೈ ಹಿಡಿದಳು. ಹುಸೇನಬಾಷಾ ಪೆಟ್ಟಿಗೆಯನ್ನು ಸವರಿದ, ಅದರೊಳಗಿನ ಕತ್ತರಿ ತೆಗೆದು ಪೆಟ್ಟಿಗೆಯನ್ನೇ ಕತ್ತರಿಸಿದ. ಕಣ್ಣು ತುಂಬಿ ಬಂದದ್ದಕ್ಕೆ ಬೆಸುಗೆಯ ಹೊಗೆ ಕಾರಣವೆಂದು ಹೇಳಿದ. ಆ ಡಬ್ಬಿ ಎಲ್ಲಕ್ಕಿಂತ ಚಂದವಾಗಿ ಬಂತು.

ಟಾಂಗಾ ಬಂದಾಗ ಸಾಲು ತುಂಬಿತ್ತು. ಹುಸೇನಬಾಷಾ ಓಡಿ ಹೋಗಿ ಶಮೀಮಳ ಟ್ರಂಕನ್ನೂ, ಒಂದು ಭಾರದ ಗೋಣಿಚೀಲವನ್ನೂ ಇಳಿಸಿಕೊಂಡ. ಗದಗಿಗೆ ಹೋಗುವ ಸಾಮಾನು ಇರಬೇಕೆಂದು ಚೀಲವನ್ನು ಪಡಸಾಲೆಯಲ್ಲಿ ಒರಗಿಸಿದ. ಶಮೀಮ ಬುರ್ಖಾ ತೆಗೆದಿಟ್ಟು ನೆಟ್ಟಗೆ ಅಡುಗೆಮನೆಗೆ ನಡೆದಳು. ನಗುವುದಕ್ಕೆ ಸಿದ್ಧವಾಗಿ ಬಂದ ಬಾಯಿ ಹೊಸ್ತಿಲಲ್ಲೇ ತೆರೆದುಕೊಂಡಿತು. ನಗೆ ಬರಲಿಲ್ಲ.

ಬೆಳ್ಳಗಿನ ಗೋಡೆ, ಹಸನಾದ ಒಲೆ, ಓಡಾಡಲು ಜಾಗ, ಕಣ್ಣಳತೆಯ ಹಲಗೆಯ ಮೇಲೆ ಒಂಬತ್ತು ಡಬ್ಬಿ. ಒಂದೊಂದರ ಮುಚ್ಚಳ ತೆಗೆದು ನೋಡಿದಳು. ಅಕ್ಕಿಯ ಡಬ್ಬಿಯನ್ನು ಎತ್ತಿ ತಿರುಗಿಸಿಯೂ ಬಿಟ್ಟಳು. ಬೋರ್ಡಿನ ಅಕ್ಷರಗಳು ಎದುರಿಗೆ ಬಂದವು. ಶಮೀಮಳಿಗೆ ಉರ್ದು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇದರ ಮೇಲೆ ಏನು ಬರೆಸೀರಿ ಎಂದು ಕೇಳಿದಳು.

“ಅಕ್ಕಿ ಅಂತ ಬರಸೇವಿ, ಆಪಾ” ಎಂದಳು ಮೈಮುನಾ ಕಣ್ಣು ಮಿಟುಕಿಸದೆ.

ಶಮೀಮ ತಂಗಿಯ ತಲೆ ಸವರಿದಳು. ಧಾರವಾಡದಲ್ಲಿ ಸಾಹೇಬರ ಮನೆಯಲ್ಲೂ ಇಂಥ ಅಡುಗೆಮನೆ ನೋಡಿಲ್ಲವೆಂದಳು. ಬಾಗಿಲಲ್ಲಿ ನಿಂತಿದ್ದ ಸಾವಕ್ಕನಿಗೂ ಕಾಸಿಮಸಾಬರಿಗೂ ಅದು ಕೇಳಿಸಿತು. ಹುಸೇನಬಾಷಾನಿಗೆ ಬೋರ್ಡು, ಬಾಗಿಲು, ಪೆಟ್ಟಿಗೆ ಹೋದದ್ದೆಲ್ಲ ಸಾರ್ಥಕವೆನಿಸಿತು. ಊಟಕ್ಕೆ ಕೂತಾಗ ಎದುರಿಗೆ ಹಸಿದವರು ಯಾರಾದರೂ ಬಂದಿದ್ದರೆ ತನ್ನ ತಾಟನ್ನೇ ಎತ್ತಿ ಕೊಡುತ್ತಿದ್ದ, ಅಷ್ಟು ಹೆಮ್ಮೆಯಾಗಿತ್ತು ಅವನಿಗೆ. ಮೈಮುನಾ ಎರಡು ಸಲ ಮಾಂಸ ಬಡಿಸಿದಳು, ಗದಗಿನ ಮಾತು ಎತ್ತಲಿಲ್ಲ.

ಊಟವಾದ ಮೇಲೆ ಶಮೀಮ ಪಡಸಾಲೆಗೆ ಹೋಗಿ ಗೋಣಿಚೀಲದ ಬಾಯಿ ಬಿಚ್ಚಿದಳು. ಒಂದರೊಳಗೊಂದು ಕೂಡುವ ಏಳು ಹಿತ್ತಾಳೆಯ ಡಬ್ಬಿಗಳು, ಬಂಗಾರದಂತೆ ಹೊಳೆಯುವವು. ಇಡೀ ಪಡಸಾಲೆ ಹಳದಿಯಾಯಿತು.

“ಹೋದ ವರ್ಷ ನಕ್ಕದ್ದು ನನ್ನ ಮನಸ್ಸಿಗೆ ಚುಚ್ಚಾಕತ್ತಿತ್ತು, ಮೈಮುನಾ” ಎಂದಳು ಶಮೀಮ. “ಅದಕ್ಕ ನಿನಗಂತ ಕೊಂಡೆ. ಆದರ ನಿನಗ ನೋವಾಗದಂಗ ಹೆಂಗ ಕೊಡ್ಲೆಪಾ ಅಂತ ದಾರಿ ತುಂಬಾ ಚಿಂತಿ. ಅಲ್ಲಾಹ್ ಆ ಚಿಂತಿ ತಗದಾ. ನಿಮ್ಮನ್ಯಾಗ ಏನೂ ಕಮ್ಮಿ ಇಲ್ಲ. ಇವನ್ನ ಗದಗಿನ ಭಾಭಿಗೆ ಕೊಡ್ತೇನಿ. ಹೆಸರು ಕೊರಸಿರಲಿಲ್ಲ, ಛಲೋ ಆತು.”

ಹುಸೇನಬಾಷಾ ಕೆಮ್ಮಿದ. ಮನೆಯೆಂದ ಮೇಲೆ ಎಷ್ಟಿದ್ದರೂ ಬೇಕಾಗುತ್ತದೆ ಎಂಬ ಅರ್ಥದ ಮಾತೊಂದನ್ನು ಬಾಯಿಯವರೆಗೆ ತಂದ. ಮೈಮುನಾ ಅವನನ್ನು ಒಮ್ಮೆ ನೋಡಿದಳು. ಆಮೇಲೆ ಹಿತ್ತಾಳೆಯ ದೊಡ್ಡ ಡಬ್ಬಿಯನ್ನು ನೋಡಿದಳು, ಅದರ ಮುಚ್ಚಳವನ್ನು ಒಂದು ಬೆರಳಿನಿಂದ ಮುಟ್ಟಿದಳು. ಬಾಗಿಲಲ್ಲಿ ಇಡೀ ಓಣಿ ನಿಂತಿತ್ತು.

“ಹೌದ ಆಪಾ” ಎಂದಳು ಅವಳು, ತಲೆ ಎತ್ತಿ. “ಡಬ್ಬಿ ಮಾಡಾವರ ಮನಿಗೆ ಡಬ್ಬಿ ಯಾಕ? ಭಾಭಿಗೇ ಕೊಡು. ಪಾಪ, ಅವರ ಮನ್ಯಾಗ ಮಾಡಾವರು ಯಾರದಾರ?”

ಹುಸೇನಬಾಷಾನಿಗೆ ಅಳಬೇಕೋ ಹೆಂಡತಿಗೆ ಸಲಾಮು ಹೊಡೆಯಬೇಕೋ ತಿಳಿಯಲಿಲ್ಲ.

ಸಂಜೆಯ ಗಾಡಿಗೆ ಹೊರಟಾಗ ಟಾಂಗಾದವನು ಗೋಣಿಚೀಲಕ್ಕೆ ಬೇರೆ ಎರಡಾಣೆ ಕೇಳಿದ. ಮನೆಯಲ್ಲಿ ಎರಡು ಕಾಸೂ ಇರಲಿಲ್ಲ. ಶಮೀಮ ದುಡ್ಡಿನ ಚೀಲ ಬಿಚ್ಚುವುದರೊಳಗೆ ಮೈಮುನಾ, ನಮ್ಮವರೇ ಹೊತ್ತು ತರುತ್ತಾರೆ ಎಂದು ಹೇಳಿಬಿಟ್ಟಳು. ಅಕ್ಕನನ್ನೂ ಅವಳನ್ನು ಕಳಿಸಿಬರಲು ಹೊರಟ ತಂಗಿಯನ್ನೂ ಕೂರಿಸಿಕೊಂಡ ಟಾಂಗಾ ಸ್ಟೇಶನ್ನಿನ ದಾರಿ ಹಿಡಿಯಿತು. ಅದರ ಹಿಂದೆ ಹುಸೇನಬಾಷಾ, ಅವನ ತಲೆಯ ಮೇಲೆ ಏಳು ಹಿತ್ತಾಳೆ ಡಬ್ಬಿ.

ಚೀಲದ ಬಾಯಿಯಿಂದ ಒಂದು ಮುಚ್ಚಳ ಇಣುಕಿ ಇಳಿಬಿಸಿಲಿಗೆ ಮಿಂಚುತ್ತಿತ್ತು. ಹೊಳೆಯಪ್ಪ ಅಂಗಡಿಯಿಂದ ಎದ್ದು ನಿಂತು, ಇಷ್ಟು ಛಲೋ ಹಿತ್ತಾಳೆ ಎಲ್ಲಿಗೆ ಹೊರಟಿತು ಎಂದು ಕೇಳಿದ.

ತಲೆಯ ಮೇಲೆ ಭಾರ ಇದ್ದವನು ಕತ್ತು ಬಗ್ಗಿಸುವಂತಿಲ್ಲ. ಹುಸೇನಬಾಷಾ ಬಗ್ಗಿಸಲೂ ಇಲ್ಲ.

“ಗದಗಕ್ಕ ಕೊಟ್ಟು ಕಳಿಸಾಕತ್ತೇವ್ರಿ ಹೊಳೆಯಪ್ಪನವರ” ಎಂದ. “ನಮ್ಮ ಅಡಗಿಮನ್ಯಾಗ ಇಡಾಕ ಜಾಗಾ ಇಲ್ಲ.”