ಗಾಳಿ ಬಿಟ್ಟರೂ ಕುಗ್ಗದ ಟೈರು

ರಾಜಧಾನಿಯ ಟೈರು ಮಾರಾಟ ಸಂಸ್ಥೆಯ ನಿರ್ದೇಶಕರೂ, ಚಳಿಗಾಲದ ಬಗ್ಗೆ ಬಣ್ಣದ ಕೈಪಿಡಿ ಅಚ್ಚು ಹಾಕಿಸುವಷ್ಟು ಬಲ್ಲವರೂ ಆದ ಶ್ರೀ ಇಂಗ್ವಾರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಕ್ರಾಕಾವೀಕ್ ಊರಿನ ಸಮಸ್ತರ ಪರವಾಗಿ ತಮಗೆ ವಂದನೆಗಳು. ತಾವೂ, ತಮ್ಮ ಕುಟುಂಬದವರೂ, ತಮ್ಮ ಷೋರೂಮಿನ ಹೊಳೆಯುವ ನೆಲವೂ ಕ್ಷೇಮವೆಂದು ನಂಬಿದ್ದೇನೆ. ಈ ಐಸ್‌ಲ್ಯಾಂಡಿನಲ್ಲಿ ಪಾದ್ರಿಯನ್ನೂ ಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುವವರು ನಾವು; ಹುಟ್ಟಿದಾರಭ್ಯ ನಾನು ಯಾರನ್ನೂ ಮಾನ್ಯರೇ ಎಂದವಳಲ್ಲ. ಅಂಥವಳು ಇವತ್ತು ತಮ್ಮನ್ನು ಹಾಗೆ ಕರೆಯುತ್ತಿದ್ದೇನೆಂದರೆ ನನಗೆ ಎಷ್ಟು ಸಿಟ್ಟು ಬಂದಿರಬೇಕೆಂಬುದನ್ನು ತಾವೇ ಅಂದಾಜು ಮಾಡಿಕೊಳ್ಳಬೇಕಾಗಿ ವಿನಂತಿ. ಈ ಪತ್ರದ ಒಂದು ಪ್ರತಿಯನ್ನು ಸಹಕಾರಿ ಅಂಗಡಿಯ ಬಾಗಿಲಿಗೂ ಇನ್ನೊಂದನ್ನು ಈಜುಕೊಳದ ಗೋಡೆಗೂ ಅಂಟಿಸಿದ್ದೇನೆ. ತಮ್ಮ ಕೀರ್ತಿ ತಮಗೊಬ್ಬರಿಗೇ ತಿಳಿದಿದ್ದರೆ ಏನು ಚೆಂದ.

ನಾನು ಅಲ್ದೀಸ್, ಊರಿನ ರಕ್ಷಣಾ ದಳದ ಕಾರ್ಯದರ್ಶಿ. ಸಂಬಳವಿಲ್ಲದ ಉದ್ಯೋಗ, ಹಿಮದಲ್ಲಿ ಸಿಕ್ಕಿಕೊಂಡವರನ್ನು ಎಳೆದು ತರುವುದು, ತಂದವರಿಗೆ ಕಾಫಿ ಕೊಡುವುದು, ತಡವಾಯಿತೆಂದು ಅವರು ಬೈದರೆ ಬೈಸಿಕೊಳ್ಳುವುದು. ವರ್ಷದ ಕೊನೆಯಲ್ಲಿ ಪಟಾಕಿ ಮಾರಿ ಬಂದ ಹಣದಲ್ಲೇ ದಳದ ಟ್ರಕ್ಕು ಓಡಬೇಕಾದ್ದರಿಂದ ನಮ್ಮೂರಿನವರು ಆಕಾಶಕ್ಕೆ ಬೆಂಕಿ ಹಚ್ಚುವುದನ್ನು ಪರೋಪಕಾರವೆಂದೇ ತಿಳಿದಿದ್ದಾರೆ. ಆ ಪರೋಪಕಾರದ ಹೊಗೆ ಕುಡಿದು ಕೆಮ್ಮಿ ಕೂಡಿಸಿದ ದುಡ್ಡನ್ನೇ ನಾವು ತಮ್ಮ ಪಾದಗಳಿಗೆ ತಂದು ಸುರಿದದ್ದು.

ಈಜುಕೊಳದ ಹಾಲ್‌ಬೇರಾ ತಮಗೆ ಗೊತ್ತಿರಲಾರಳು. ಟಿಕೆಟ್ ಕೊಡುವವಳು ಅವಳೇ, ಬಿಸಿನೀರಿನ ತೊಟ್ಟಿಯ ಕಾವು ನೋಡುವವಳು ಅವಳೇ, ಮೈ ತೊಳೆಯದೆ ನೀರಿಗಿಳಿದವರ ಮಾನವನ್ನು ಊರ ಮುಂದೆ ಹರಾಜು ಹಾಕುವವಳೂ ಅವಳೇ. ಅವಳ ಮೂತ್ರಪಿಂಡಗಳು ಕೈಕೊಟ್ಟು ವರ್ಷಗಳಾದವು. ವಾರಕ್ಕೆ ಮೂರು ಸಲ ಗ್ರೌಹೇಯ್ ಘಟ್ಟ ದಾಟಿ ಆಚೆಯ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳದಿದ್ದರೆ ಅವಳು ಬದುಕುವುದಿಲ್ಲ. ದಾರಿ ತೆರೆದಿದ್ದ ದಿನ ತಾನೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಘಟ್ಟ ಮುಚ್ಚಿದರೆ ನಮ್ಮ ಟ್ರಕ್ಕೇ ಗತಿ. ಆರೋಗ್ಯ ಕಚೇರಿಯವರು ಖಡಾಖಂಡಿತವಾಗಿ ಹೇಳಿದ್ದರು, ಟ್ರಕ್ಕು ತಪ್ಪದೆ ದಾಟುವುದಾದರೆ ಊರಲ್ಲಿರಲಿ, ಇಲ್ಲವಾದರೆ ಹಿಮ ಕರಗುವ ತನಕ ಪಟ್ಟಣದಲ್ಲಿ ಒಂದು ಕೋಣೆ ಹಿಡಿಯಲಿ ಎಂದು. ಅದಕ್ಕೆ ಹಾಲ್‌ಬೇರಾ ನಮಗೆ ಹೇಳಿದ ಮಾತು ಇದು: “ಅಲ್ಲಿ ಗೋಡೆ ನೋಡ್ಕೊಂಡು ಕೂರೋದಕ್ಕಿಂತ ಇಲ್ಲಿ ನಿಮ್ಮ ಮುಖಗಳನ್ನ ನೋಡ್ಕೊಂಡಿರ್ತೀನಿ. ನೋಡೋಕೆ ಗೋಡೇನೇ ಚೆನ್ನಾಗಿರುತ್ತೆ, ಅದು ಬೇರೆ ಮಾತು. ಆದ್ರೆ ಗೋಡೆಗೆ ಬೈದ್ರೆ ಅದು ತಿರುಗಿ ಬೈಯಲ್ಲವಲ್ಲ.”

ಹೀಗಿರಲು, ಕುರಿಗಳನ್ನು ಬೆಟ್ಟದಿಂದ ಇಳಿಸಿಕೊಂಡು ಬಂದ ವಾರದಲ್ಲೇ ನಮ್ಮ ಟ್ರಕ್ಕಿನ ಹಳೆಯ ಟೈರುಗಳು ಬಿರುಕು ಬಿಟ್ಟದ್ದು ಕಣ್ಣಿಗೆ ಬಿತ್ತು. ಊರಿನ ಎಲ್ಲ ಗಂಭೀರ ವಿಚಾರಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು ಚರ್ಚಿಸುವುದು ನಮ್ಮ ಪದ್ಧತಿಯಾದ್ದರಿಂದ ಟೈರಿನ ವಿಚಾರವೂ ಅಲ್ಲಿಗೇ ಬಂತು. ಟ್ರಕ್ಕು ಓಡಿಸುವ ಕೇತಿಲ್, ಮೀನಿನ ದೋಣಿಯಲ್ಲಿ ಅರ್ಧ ಆಯುಸ್ಸು ಕಳೆದವನು, ಮಂಜುಗಡ್ಡೆಯ ಮೇಲೆ ಜಾರದಂತೆ ಮೈತುಂಬ ಕಬ್ಬಿಣದ ಮೊಳೆ ಹೊಡೆದ ಟೈರೇ ಬೇಕೆಂದ. ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಷ್ಟ್ರು, ಮೊಳೆ ರಸ್ತೆಯನ್ನು ಅಗಿದು ತಿನ್ನುತ್ತದೆ, ಅದು ಬೇಡವೇ ಬೇಡ ಎಂದರು. ಮೊಳೆಯವರು, ಮೊಳೆ ಬೇಡದವರು ಎಂದು ಊರು ಎರಡಾಗಿ, ಗಂಡ ಒಂದು ಮೂಲೆ ಹೆಂಡತಿ ಒಂದು ಮೂಲೆ ಹಿಡಿದು ಕೂತ ಮನೆಗಳೂ ಉಂಟು. ಎಲ್ಲರೂ ಒಪ್ಪಿದ್ದು ಒಂದೇ ಸಂಗತಿ, ಗಾಳಿ ಇಳಿಸಿದರೆ ಟೈರು ಮೆತ್ತಗಾಗಬೇಕು. ಹೊಸ ಹಿಮದ ಮೇಲೆ ಟೈರು ನಾದಿದ ಹಿಟ್ಟಿನಂತೆ ಹರಡಿಕೊಂಡರೆ ಟ್ರಕ್ಕು ತೇಲಿಕೊಂಡು ಹೋಗುತ್ತದೆ, ಹರಡದಿದ್ದರೆ ನಿಂತಲ್ಲೇ ಹೂತುಹೋಗುತ್ತದೆ. ಇದು ಇಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ತಮ್ಮ ಮಾರಾಟ ಪ್ರತಿನಿಧಿ ಬ್ರಾಂದೂರ್ ಅವರಿಗೆ ತೊಟ್ಟಿಯ ದಂಡೆಯಿಂದಲೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟು, ಇದೊಂದೇ ಪ್ರಶ್ನೆ ಕೇಳಿದೆವು. ಅವರ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ: “ಗಾಳಿ ಬಿಟ್ರೆ ಬೆಣ್ಣೆ ಕಣ್ರೀ, ಬೆಣ್ಣೆ.” ಮೈಗೆ ಬಿಸಿನೀರು, ಮೇಲೆ ಹಬೆ, ಪಕ್ಕದಲ್ಲಿ ಕಾಫಿ; ಅಂಥ ಹೊತ್ತಿನಲ್ಲಿ ಕಲ್ಲೂ ಬೆಣ್ಣೆಯಂತೆ ಕಾಣುತ್ತದೆ. ನೀರಿನಿಂದ ಕೈ ಮೇಲೆತ್ತಿ ಒಮ್ಮತದಿಂದ ಒಪ್ಪಿದೆವು. ಚಳಿಗಾಲದ ಟೈರನ್ನು ಬಿಸಿನೀರಿನಲ್ಲಿ ಕೂತು ಆರಿಸಬಾರದೆಂಬ ಬುದ್ಧಿ ಆ ತೊಟ್ಟಿಯಲ್ಲಿದ್ದ ಒಂದು ತಲೆಗೂ ಹೊಳೆಯಲಿಲ್ಲ.

ತಾವು ಕಳಿಸಿಕೊಟ್ಟ ಟೈರಿನ ಗುಣಗಾನ ಮಾಡಲು ನನ್ನ ನಾಲಿಗೆ ಸಾಲದು. ಏನು ಅದರ ಸ್ವಾಭಿಮಾನ! ಕೇತಿಲ್ ಗಾಳಿ ಇಳಿಸಿದ, ಅದು ಬಗ್ಗಲಿಲ್ಲ. ಇನ್ನಷ್ಟು ಇಳಿಸಿದ, ಕುಗ್ಗಲಿಲ್ಲ. ಎಲ್ಲ ಗಾಳಿಯನ್ನೂ ತೆಗೆದ ಮೇಲೂ ನಿವೃತ್ತಿಯ ಮರುದಿನ ಕಚೇರಿಗೆ ಬಂದ ಅಧಿಕಾರಿಯಂತೆ ಹಾಗೇ ಬಿಗಿದುಕೊಂಡು ನಿಂತಿತ್ತು. ಚಳಿ ಏರಿದಷ್ಟೂ ಅದು ಗಟ್ಟಿಯಾಗುತ್ತದೆ. ಕೈಪಿಡಿಯಲ್ಲಿ ಸದ್ದು ಕಡಿಮೆ ಎಂದು ಬರೆದಿದ್ದೀರಿ, ಸತ್ಯ, ಹಿಮದಲ್ಲಿ ಹೂತು ನಿಂತ ಟೈರು ಚೂರೂ ಸದ್ದು ಮಾಡುವುದಿಲ್ಲ. ಎಣ್ಣೆ ಉಳಿಸುತ್ತದೆ ಎಂದು ಬರೆದಿದ್ದೀರಿ, ಅದೂ ಸತ್ಯ, ನಿಂತ ಗಾಡಿ ಎಣ್ಣೆ ಕುಡಿಯುವುದುಂಟೆ? ಬಹುಕಾಲ ಸವೆಯುವುದಿಲ್ಲ ಎಂಬ ಮಾತನ್ನಂತೂ ನಾವು ಕಣ್ಣುಮುಚ್ಚಿ ನಂಬುತ್ತೇವೆ.

ಮೊದಲ ಸಲ ಘಟ್ಟ ಮುಚ್ಚಿದ ದಿನ ಕೇತಿಲ್ ಮತ್ತು ನಾನು ಹಾಲ್‌ಬೇರಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಅರ್ಧ ಏರಿನಲ್ಲಿ, ದಾರಿಹೋಕರ ಆಸರೆಗೆಂದು ಕಟ್ಟಿದ ಗುಡಿಸಲಿನ ಹತ್ತಿರ ಟ್ರಕ್ಕು ಅಡ್ಡಡ್ಡ ಜಾರಿ, ಕಣಿವೆಯ ಕಡೆಗೆ ಮುಖ ಮಾಡಿ, ಅದೃಷ್ಟಕ್ಕೆ ಹಿಮದ ದಿಬ್ಬಕ್ಕೆ ಸಿಕ್ಕಿಕೊಂಡಿತು. ಹಾಲ್‌ಬೇರಾ ಹೆಣಿಗೆ ಕೆಳಗಿಡದೆ, “ಕೇತಿಲ್, ಬೆಣ್ಣೆ ಅಂದಿದ್ರಲ್ಲ, ಫ್ರಿಜ್ಜಲ್ಲಿಟ್ಟ ಬೆಣ್ಣೆ ಅಂತ ಕಾಣುತ್ತೆ” ಎಂದಳು. ನಾವು ನಕ್ಕೆವು. ಆಮೇಲೆ ಸಲಿಕೆ ಹಿಡಿದು ತೋಡಿ ತೋಡಿ ಸೋತು, ಹೇಗೋ ಗಾಡಿ ತಿರುಗಿಸಿಕೊಂಡು ಊರಿಗೆ ವಾಪಸು ಬಂದೆವು. ಮರುದಿನ ಹಿಮ ತೆಗೆಯುವ ಯಂತ್ರ ಬಂದು ದಾರಿ ಮಾಡಿ ಅವಳು ಆಸ್ಪತ್ರೆ ಸೇರುವ ಹೊತ್ತಿಗೆ ಅವಳ ಮುಖ, ಕೈಕಾಲು ಊದಿಕೊಂಡು ಉಸಿರಾಟಕ್ಕೆ ಕಷ್ಟವಾಗಿತ್ತು. ನನಗೆ ಹೆದರಿಕೆಯಾಯಿತು, ಮಾನ್ಯರೇ. ಅದನ್ನು ತಮಾಷೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ತಮ್ಮ ಕಚೇರಿಗೆ ದೂರಿದಾಗ ಬಂದ ಉತ್ತರ ಕೇಳಿ ಊರೇ ಧನ್ಯವಾಯಿತು. ಟೈರಿನಲ್ಲಿ ಏನೂ ದೋಷವಿಲ್ಲವಂತೆ, ನಮ್ಮ ಘಟ್ಟದ ಹಿಮ ತೀರ ಸಡಿಲವಾಗಿದೆಯಂತೆ, ಓಡಿಸುವವರ ಕೈ ಪಳಗಬೇಕಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ತಮ್ಮ ಸಂಸ್ಥೆಯ ಫಲಕದಲ್ಲಿ ಬರೆಸಬಹುದೆಂದು ನಮ್ರವಾಗಿ ಸೂಚಿಸುತ್ತೇನೆ. ಜೊತೆಗೆ ಕೆಲವು ಸಣ್ಣ ಕೋರಿಕೆಗಳು. ಈ ಟೈರಿಗೆ ಒಪ್ಪುವಂಥ ಹಿಮವನ್ನು ಮುಂದಿನ ಲಾರಿಯಲ್ಲಿ ತಾವೇ ಕಳಿಸಿಕೊಡಬೇಕು. ಅದು ಆಗದಿದ್ದರೆ ತಮ್ಮ ಷೋರೂಮಿನ ನೆಲವನ್ನು ಕಿತ್ತು ತಂದು ಘಟ್ಟದ ಉದ್ದಕ್ಕೂ ಹಾಸಿ, ಮೇಲೊಂದು ಚಾವಣಿ ಹಾಕಿಸಿ, ಒಳಗೆ ಕಾವು ಕೊಡಿಸಬೇಕು. ಅದೂ ದುಬಾರಿ ಎನಿಸಿದರೆ, ಟೈರು ನಡೆಯುವಂಥ ದಿನಗಳಲ್ಲಿ ಮಾತ್ರ ಕೆಲಸ ನಿಲ್ಲಿಸಬೇಕೆಂದು ಹಾಲ್‌ಬೇರಾಳ ಮೂತ್ರಪಿಂಡಗಳಿಗೆ ತಮ್ಮ ಸಂಸ್ಥೆಯ ಮೊಹರು ಹಾಕಿ ಒಂದು ಆದೇಶ ಹೊರಡಿಸಬೇಕು.

ಆರೋಗ್ಯ ಕಚೇರಿಯವರಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಆ ವಾರ ಮುಗಿಯುವುದರೊಳಗೆ ಪಟ್ಟಣದಲ್ಲಿ ಕೋಣೆ ಹಿಡಿಯಬೇಕೆಂದು ಅವಳಿಗೆ ಫೋನು ಬಂತು. ಹಾಲ್‌ಬೇರಾ ವಾದ ಮಾಡಲಿಲ್ಲ. ಬಟ್ಟೆ ತುಂಬಿಕೊಂಡು, ಈಜುಕೊಳದ ಬೀಗದ ಕೈಯನ್ನು ತಂದು ನನ್ನ ಕೈಗಿಟ್ಟು, ತೊಟ್ಟಿಯ ಕಾವು ಎಷ್ಟಿರಬೇಕು, ಯಾರ್‍ಯಾರು ಮೈ ತೊಳೆಯದೆ ಇಳಿಯುತ್ತಾರೆ ಎಂಬುದನ್ನೆಲ್ಲ ಹೇಳಿಕೊಟ್ಟಳು. ನಾನು ಹೂಂ ಹೂಂ ಎಂದೆ, ಮನೆಗೆ ಬಂದು ಅತ್ತೆ. ಅವತ್ತು ಸಂಜೆ ತೊಟ್ಟಿಯಲ್ಲಿ ಮೊಳೆಯವರೂ ಮೊಳೆ ಬೇಡದವರೂ ಒಬ್ಬರಿಗೊಬ್ಬರು ಅಂಟಿಕೊಂಡಂತೆ ಕೂತಿದ್ದರು.

ಇಂಥ ಹೊತ್ತಿನಲ್ಲಿ, ಅವಳು ಊರು ಬಿಡುವ ಮೊದಲೇ, ತಾವು ಟೈರಿನ ಮರ್ಯಾದೆ ಕಾಪಾಡಲೆಂದು ಬ್ರಾಂದೂರ್ ಅವರನ್ನೇ ಕಳಿಸಿಕೊಟ್ಟಿರಿ. ಅವರು ಬಂದದ್ದು ತಮ್ಮ ಸಂಸ್ಥೆಯ ಪ್ರದರ್ಶನದ ಟ್ರಕ್ಕಿನಲ್ಲಿ. ನಮ್ಮ ಟ್ರಕ್ಕಿಗೆ ಅದು ಒಡಹುಟ್ಟಿದ್ದೇ ಸರಿ, ಚಕ್ರದ ಬೋಲ್ಟುಗಳೂ ಅದೇ ಅಳತೆ. ಒಳ್ಳೆಯ ಹುಡುಗನಂಥ ಮನುಷ್ಯ. ಕೈತುಂಬ ಕೈಪಿಡಿ ಹಿಡಿದು, ದೋಷ ಚಾಲಕನದೇ ಎಂದು ಕೇತಿಲ್‌ಗೆ ಬಲು ನಯವಾಗಿ ತಿಳಿಹೇಳುತ್ತಿದ್ದರು. ಕೇತಿಲ್ ಕೇಳಿಸಿಕೊಳ್ಳುತ್ತಲೇ ಬಗ್ಗಿ ಅವರ ಟ್ರಕ್ಕಿನ ಟೈರಿಗೆ ಹೆಬ್ಬೆಟ್ಟು ಒತ್ತಿದ. ಹೆಬ್ಬೆಟ್ಟು ಒಳಗೆ ಹೋಯಿತು. ನಮಗೆ ಮಾರಿದ ಟೈರು ಅದಾಗಿರಲಿಲ್ಲ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಕೇಳಿದಾಗ ಬ್ರಾಂದೂರ್ ಮೊದಲು ಕೆಮ್ಮಿದರು, ಆಮೇಲೆ ಕಾಫಿ ಕೇಳಿದರು, ಕೊನೆಗೆ ನೆಲ ನೋಡುತ್ತ, ಗೋದಾಮಿನಲ್ಲಿ ಉಳಿದ ಮಾಲನ್ನು ಹೊಸ ವರ್ಷದೊಳಗೆ ಖಾಲಿ ಮಾಡಬೇಕೆಂದು ಮೇಲಿನಿಂದ ಹೇಳಿದ್ದರು ಎಂದರು. ಮೇಲಿನಿಂದ ಎಂದರೆ ದೇವರಲ್ಲವೆಂದು ನಾನು ತಿಳಿದಿದ್ದೇನೆ.

ಸಂಜೆಗೆ ಗಾಳಿ ಎದ್ದು ಘಟ್ಟ ಮುಚ್ಚಿತು. ಬೆಳಗಾದರೆ ಹಾಲ್‌ಬೇರಾಳ ಆಸ್ಪತ್ರೆಯ ದಿನ. ಅವಳು ಚೀಲ, ಹೆಣಿಗೆ, ಪಟ್ಟಣದ ಕೋಣೆಗೆಂದು ಕಟ್ಟಿಕೊಂಡ ಪೆಟ್ಟಿಗೆ ಎಲ್ಲ ಹಿಡಿದು ನಮ್ಮ ಷೆಡ್ಡಿಗೆ ಬಂದು ನಿಂತಳು. ಕೇತಿಲ್ ಬ್ರಾಂದೂರ್ ಅವರಿಗೆ ಹೇಳಿದ, “ಟೈರು ಚೆನ್ನಾಗಿದೆ ಅಂತೀಯಲ್ಲ, ಬಾ ಹಾಗಾದ್ರೆ, ಇವಳ ಪಕ್ಕದಲ್ಲಿ ಕೂತ್ಕೋ.” ಬ್ರಾಂದೂರ್ ಬಾಗಿಲಿನಿಂದ ಘಟ್ಟದ ಕಡೆ ನೋಡಿದರು, ನೋಡಲು ಅಲ್ಲಿ ಘಟ್ಟವೇ ಕಾಣುತ್ತಿರಲಿಲ್ಲ. ಒಂದು ದಿನ ಕಾಯಲಾಗುವುದಿಲ್ಲವೇ ಎಂದು ಹಾಲ್‌ಬೇರಾಳನ್ನು ಮೆಲ್ಲಗೆ ಕೇಳಿದರು.

“ಹೋದ ಸಲ ಕಾದೆನಲ್ಲಪ್ಪ,” ಎಂದಳು ಅವಳು. “ಇನ್ನೊಂದು ಸಲ ಕಾದ್ರೆ ನಿಮ್ಮ ಕಂಪನಿ ಮೇಲೆ ದೂರು ಕೊಡೋಕೂ ನಾನಿರಲ್ಲ.”

ಬ್ರಾಂದೂರ್ ಕೈಪಿಡಿಗಳನ್ನು ಬೆಂಚಿನ ಮೇಲಿಟ್ಟು, ಕೋಟು ಕಳಚಿ, ತಮ್ಮ ಟ್ರಕ್ಕಿನ ಕೆಳಗೆ ತಾವೇ ಜಾಕ್ ಕೊಟ್ಟರು. ದಳದವರೆಲ್ಲ ಕೈಹಾಕಿದೆವು. ಘಟ್ಟಕ್ಕೆ ಬೇಕಾದ ಹಗ್ಗ, ಸಲಿಕೆ, ರೇಡಿಯೋ ಎಲ್ಲ ಇರುವುದು ನಮ್ಮ ಟ್ರಕ್ಕಿನಲ್ಲೇ ಆದ್ದರಿಂದ ಅವರ ಟೈರುಗಳು ಅದಕ್ಕೆ ಬಂದವು, ನಮ್ಮವು ಅವರದಕ್ಕೆ ಹೋದವು. ಘಟ್ಟದ ಬುಡದಲ್ಲಿ ಕೇತಿಲ್ ಗಾಳಿ ಇಳಿಸಿದಾಗ ಟೈರಿನ ಹೊಟ್ಟೆ ಹಿಮದ ಮೇಲೆ ಹರಡಿಕೊಂಡಿತು, ಟ್ರಕ್ಕು ಆಮೆಯಂತೆ ನಿಧಾನವಾಗಿ ಆದರೆ ಎಲ್ಲಿಯೂ ನಿಲ್ಲದೆ ದಾಟಿತು. ಹಾಲ್‌ಬೇರಾ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಮಂಚದ ಮೇಲಿದ್ದಳು. ಅಲ್ಲಿಗೆ ಬಂದ ಆರೋಗ್ಯ ಕಚೇರಿಯ ಅಮ್ಮನವರು ಕಿಟಕಿಯಿಂದ ಟ್ರಕ್ಕನ್ನು ನೋಡಿ, ಹೀಗೆ ದಾಟುವುದಾದರೆ ಊರಲ್ಲೇ ಇರಲಿ ಎಂದರು. ಪೆಟ್ಟಿಗೆಯನ್ನು ಕೆಳಗಿಳಿಸದೆ ಹಾಗೇ ವಾಪಸು ತಂದೆವು. ಆಮೇಲೆಯೂ ಘಟ್ಟ ಎರಡು ಸಲ ಮುಚ್ಚಿದೆ, ಎರಡು ಸಲವೂ ದಾಟಿದ್ದೇವೆ.

ಆದ್ದರಿಂದ ಈ ಟೈರುಗಳು ಹಿಮ ಕರಗುವ ತನಕ ಮಾತ್ರವಲ್ಲ, ಸವೆದು ನಮ್ಮ ಕೈಯಲ್ಲೇ ಪ್ರಾಣ ಬಿಡುವ ತನಕ ನಮ್ಮಲ್ಲೇ ಇರುತ್ತವೆಂಬ ಸಂತೋಷದ ಸುದ್ದಿಯನ್ನು ತಮಗೆ ತಿಳಿಸುತ್ತಿದ್ದೇನೆ. ಬ್ರಾಂದೂರ್ ಅವರ ಮೇಲೆ ಸಿಟ್ಟಾಗಬೇಡಿ. ತಮ್ಮ ಸಂಸ್ಥೆಯಿಂದ ನಮಗೆಂದೇ ಕಳಿಸಿದ ಸರಕಿನಲ್ಲಿ ಗಾಳಿ ಬಿಟ್ಟ ಮೇಲೆ ಮೆತ್ತಗಾದದ್ದು ಅವರೊಬ್ಬರೇ.

ಮುಂದಿನ ಚಳಿಗಾಲದ ಟೈರನ್ನು ಒಣಗಿದ ಮೈಯಲ್ಲಿ, ಬಯಲಲ್ಲಿ ನಿಂತು, ನಡುಗುತ್ತ ಆರಿಸಲು ನಿರ್ಧರಿಸಿರುವ,

ತಮ್ಮ ವಿಶ್ವಾಸಿ,
ಅಲ್ದೀಸ್ ಓರ್ಮ್ಸ್‌ದೋತ್ತಿರ್
ಕಾರ್ಯದರ್ಶಿ, ರಕ್ಷಣಾ ದಳ, ಕ್ರಾಕಾವೀಕ್

ತಾ.ಕ.: ತಮ್ಮ ಪ್ರದರ್ಶನದ ಟ್ರಕ್ಕು ನಮ್ಮ ಷೆಡ್ಡಿನ ಮುಂದೆ, ತಾವು ನಮಗೆ ಮಾರಿದ ಟೈರುಗಳ ಮೇಲೆ ಗಂಭೀರವಾಗಿ ನಿಂತಿದೆ. ಎಣ್ಣೆ ತುಂಬಿಸಿದ್ದೇವೆ, ಬೀಗದ ಕೈ ಅದರಲ್ಲೇ ಇದೆ, ಘಟ್ಟವೂ ತೆರೆದಿದೆ. ತಾವೇ ಬಂದು ಓಡಿಸಿಕೊಂಡು ಹೋಗಬಹುದು. ಬ್ರಾಂದೂರ್ ಇಷ್ಟು ದಿನ ಹಾಲ್‌ಬೇರಾ ಆಸ್ಪತ್ರೆಗೆ ಹೋದಾಗಲೆಲ್ಲ ಈಜುಕೊಳದಲ್ಲಿ ಟಿಕೆಟ್ ಕೊಡುತ್ತಿದ್ದರು, ಇವತ್ತು ಬಸ್ಸಿನಲ್ಲಿ ಹೊರಟರು. ಹತ್ತುವ ಮೊದಲು ಬಸ್ಸಿನ ಟೈರು ಯಾರ ಅಂಗಡಿಯದೆಂದು ಕೇಳಿದರು. ತಮ್ಮ ಅಂಗಡಿಯದಲ್ಲವೆಂದು ಡ್ರೈವರ್ ಆಣೆ ಮಾಡಿ ಹೇಳಿದ ಮೇಲೆಯೇ ಒಳಗೆ ಕಾಲಿಟ್ಟರು.