ಒಬ್ಬಟ್ಟಿನ ಜೊತೆ ಬಡಿಸಿದ ಓಟು

ಕೆಲಸ ಸರಿಯಾಗಿ ಮಾಡಿ ಎಂದು ನಾನು ಯಾರಿಗೇ ಹೇಳಲಿ, ಅಲ್ಲಿಂದ ನನಗೇ ಫಜೀತಿ ಶುರುವಾಗುತ್ತದೆ. ಸಿಡ್ನಿಗೆ ಬಂದ ಮೇಲಾದರೂ ಸುಧಾರಿಸೀತು ಅಂದುಕೊಂಡಿದ್ದೆ. ಬಿ.ಪಿ. ಮಾತ್ರೆಯ ಬ್ರ್ಯಾಂಡ್ ಬದಲಾಯಿತು, ಅಷ್ಟೇ.

ಅಂದಾಜು

ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯಲ್ಲಿ ನನ್ನ ಪಕ್ಕದ ಮೇಜಿನವನು ಬ್ರೆಜಿಲಿನಿಂದ ಬಂದು ಇಲ್ಲಿನ ಸಿಟಿಜನ್ ಆದ ಅರ್ಥಶಾಸ್ತ್ರಜ್ಞ. ಮುಂದಿನ ವರ್ಷ ಯಾವ ಔಷಧ ಎಷ್ಟು ಖರ್ಚಾದೀತು ಎಂದು ಅಂದಾಜು ಮಾಡುವುದು ಅವನ ಕೆಲಸ. ಹತ್ತು ಗಂಟೆಯ ಮೀಟಿಂಗಿಗೆ ಹತ್ತೂವರೆಗೆ, ಕಾಫಿ ಹಿಡಿದುಕೊಂಡು ಬರುತ್ತಿದ್ದ. ಒಂದು ದಿನ ತಡೆಯಲಾರದೆ, "ಮೀಟಿಂಗ್ ಎಷ್ಟು ಗಂಟೆಗೆ ಅಂತ ಗೊತ್ತಿಲ್ಲವೇ?" ಎಂದೆ.

"ಹತ್ತೂವರೆಗೆ ಶುರುವಾದೀತು ಅಂತ ಅಂದಾಜು ಮಾಡಿದ್ದೆ. ಈಗಷ್ಟೇ ಶುರುವಾಯಿತಲ್ಲ?"

ಶುರುವಾಗಿತ್ತು. ಬಾಸ್ ಅಷ್ಟು ಹೊತ್ತು ಕಾದದ್ದು ಅವನಿಗಾಗಿಯೇ.

ಕೆಂಪು ಪೆನ್ನು

ಇಂಥವನು ಒಂದು ಬೆಳಿಗ್ಗೆ ಲೋಕಲ್ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ ಚುನಾವಣೆಗೆ ನಿಲ್ಲುತ್ತೇನೆ ಎಂದ. "ಬೇರೆಯವರು ಏನು ಮಾಡುತ್ತಾರೆ ಅಂತ ಅಂದಾಜು ಮಾಡುತ್ತಲೇ ಅರ್ಧ ಆಯಸ್ಸು ಹೋಯಿತು. ಒಂದಾದರೂ ನಾನೇ ಮಾಡಬೇಕು." ಆ ಮಾತು ನನಗೆ ಹಿಡಿಸಿತು. ಭಾಷಣ ತಿದ್ದಿಕೊಡಲು ಒಪ್ಪಿದೆ. ಅದೇ ತಪ್ಪಾಯಿತು.

"ರೈಲು ಬೇಗ ಓಡಿಸುತ್ತೇನೆ." ಅದು ಕೌನ್ಸಿಲ್ ಕೈಯಲ್ಲಿಲ್ಲ, ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. "ಆಸ್ಪತ್ರೆ ಕಟ್ಟಿಸುತ್ತೇನೆ." ಅದೂ ಇಲ್ಲ. "ನಾನು ಮಿತಭಾಷಿ." ಶುದ್ಧ ಸುಳ್ಳು. ಕೊನೆಗೆ ಉಳಿದದ್ದು ಅವನ ಹೆಸರು ಮತ್ತು ಒಂದು ಥ್ಯಾಂಕ್ಯೂ. ಅಭ್ಯರ್ಥಿಗಳ ಸಭೆ ನಡೆದ ಹಾಲ್‌ನಲ್ಲಿ ಆಸಾಮಿ ಅಷ್ಟನ್ನೇ ಓದಿ ಕುಳಿತುಬಿಟ್ಟ. ಉಳಿದ ಅಭ್ಯರ್ಥಿಗಳ ಭಾಷಣ ಕೇಳಿ ಬಳಲಿದ್ದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಯುಗಾದಿ ಊಟ

ಆ ಚಪ್ಪಾಳೆಯಿಂದ ತಲೆ ತಿರುಗಿ, ನಮ್ಮ ಕನ್ನಡದವರ ಯುಗಾದಿ ಊಟಕ್ಕೂ ಓಟು ಕೇಳಲು ಬಂದ. ಪಂಕ್ತಿಯುದ್ದಕ್ಕೂ ಒಂದೇ ಮಾತು: "ಶೂರ್ ಸರ್! ನಮ್ಮನೆ ಓಟೆಲ್ಲಾ ನಿಮಗೇ!"

ಬಡಿಸುತ್ತಲೇ ಅದನ್ನೇ ಹೇಳಿದ ಮೈಸೂರಿನ ಹುಡುಗನನ್ನು ಪಕ್ಕಕ್ಕೆ ಕರೆದೆ. "ಏನಯ್ಯಾ, ನಿನಗಿರೋದು ಬರೀ ಪಿಆರ್, ಇಲ್ಲಿ ಇರೋಕೆ ಪರವಾನಗಿ ಅಷ್ಟೇ. ಸಿಟಿಜನ್ ಆಗದೆ ಓಟೆಲ್ಲಿಂದ ಬಂತು?"

"ಗೊತ್ತು ಅಂಕಲ್. ಊಟಕ್ಕೆ ಕೂತೋರಿಗೆ ಇಲ್ಲ ಅನ್ನೋಕಾಗತ್ತಾ? ಪಾಪ, ಒಬ್ಬಟ್ಟು ಬೇರೆ ಕೇಳಿ ಹಾಕಿಸ್ಕೊಂಡ್ರು."

ಪಂಕ್ತಿಯ ತುದಿಯಲ್ಲಿದ್ದ ದಂಪತಿಯೂ ಮಾತು ಕೊಟ್ಟರು. ಅವರಿಬ್ಬರೂ ಸಿಟಿಜನ್ನರೇ. ಆದರೆ ಮನೆ ಇದ್ದದ್ದು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ.

ವಾಪಸಾಗುವಾಗ ಕಾರಿನಲ್ಲಿ ಬ್ರೆಜಿಲಿನವನಿಗೆ ನಿಜ ಹೇಳಿದೆ: "ಅಲ್ಲಿ ಓಟಿದ್ದವನು ನಾನೊಬ್ಬನೇ."

"ನೀವು ಹಾಕುತ್ತೀರಾ?"

"ಅದು ಗುಟ್ಟು. ಹೇಳುವುದು ತಪ್ಪು."

"ನೋಡಿ, ಅಷ್ಟು ಜನರಲ್ಲಿ ಅನುಮಾನ ಇರುವುದು ನಿಮ್ಮದೊಂದೇ ಓಟು!" ಎಂದು ನನ್ನನ್ನೇ ಗದರಿದ.

ಫಲಿತಾಂಶ

ಚುನಾವಣೆಯ ದಿನ ನಮ್ಮವರು ಹಳದಿ ಟೀ ಶರ್ಟ್ ಹಾಕಿ, ಮಕ್ಕಳುಮರಿ ಸಮೇತ ಬೂತಿನ ಹೊರಗೆ ನಿಂತು ಕರಪತ್ರ ಹಂಚಿದರು. ಅವನ ಕಡೆಯ ಗುಂಪೇ ಎಲ್ಲಕ್ಕಿಂತ ದೊಡ್ಡದು. ಅಷ್ಟು ಜನರಲ್ಲಿ ಓಟು ಹಾಕಲು ಒಳಗೆ ಹೋದವನು ನಾನೊಬ್ಬನೇ.

ಹೀನಾಯವಾಗಿ ಸೋತ.

ಸಂಜೆ ನಮ್ಮವರೆಲ್ಲ ಬಿಸಿಬೇಳೆಬಾತ್ ಹೊತ್ತು ಅವನ ಮನೆಗೆ ಸಮಾಧಾನ ಹೇಳಲು ಹೋದರು; ಜೊತೆಗೆ ನಾನೂ ಹೋದೆ. "ಬೇಜಾರ್ ಮಾಡ್ಕೋಬೇಡಿ ಸರ್, ನೆಕ್ಸ್ಟ್ ಟೈಮೂ ನಮ್ಮನೆ ಓಟೆಲ್ಲಾ ನಿಮಗೇ!" ಮೈಸೂರಿನ ಹುಡುಗನ ಕಣ್ಣಲ್ಲಿ ನೀರೇ ಬಂದಿತ್ತು. ಅದುವರೆಗೆ ಮಂಕಾಗಿ ಕೂತಿದ್ದ ಆಸಾಮಿ ತಟ್ಟನೆ ಎದ್ದು, ಸೀದಾ ನನ್ನ ಕಡೆ ಕೈ ತೋರಿಸಿ ಭಾಷಣಕ್ಕೇ ನಿಂತ:

"ನೀವು ಇವರನ್ನು ಅನುಮಾನಿಸಿದಿರಿ. ಈ ಮನೆಯಲ್ಲಿರುವ ಸ್ನೇಹಿತರಲ್ಲಿ ಒಬ್ಬರೇ ಒಬ್ಬರು ನನ್ನ ಎದುರಾಳಿಗೆ ಓಟು ಹಾಕಿದ್ದರೆ ತೋರಿಸಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನು ತೆಗೆದವನು, ಹಾಗೇ ಒಳಗಿಟ್ಟೆ. ಅವನ ರಾಜಕೀಯ ಜೀವನದಲ್ಲಿ ಹೊಡೆದುಹಾಕಲು ಏನೂ ಸಿಗದ ವಾಕ್ಯ ಅದೊಂದೇ.